ಸಹಿ ವಾಪಸ್ ಕೇಳಿದ ಗುಂಡಿಯಕ್ಕ

ನೀರು ತಗ್ಗಿಗೆ ಹರಿಯುತ್ತದೆ, ತೂತು ಸಿಕ್ಕಿದರೆ ತೂತಿನಲ್ಲಿ ನುಸುಳುತ್ತದೆ. ಇದು ನಿಮಗೆ ಗೊತ್ತು, ನನಗೆ ಗೊತ್ತು, ಬಚ್ಚಲಲ್ಲಿ ಚೊಂಬು ಹಿಡಿದು ಆಡುವ ಮಗುವಿಗೂ ಗೊತ್ತು. ಗೊತ್ತಿಲ್ಲದಿದ್ದುದು ನಮ್ಮ ಜಲ ಇಲಾಖೆಯ ಕಂಪ್ಯೂಟರಿಗೆ ಮಾತ್ರ. ಅದರ ಮಾತು ಕಟ್ಟಿಕೊಂಡು ಇಲಾಖೆಯವರು ಇಡೀ ಕಣಿವೆಯ ಮಳೆನೀರನ್ನು ಒಂದು ತೂತಿನ ಬಾಯಲ್ಲಿ ನಿಲ್ಲಿಸಲು ಹೊರಟಿದ್ದರು. ಅವರು ಆರಿಸಿದ ಆ ಜಾಗವನ್ನು ಹೊಗಳಿ, ಕೊನೆಗೂ ನಮ್ಮೂರಿಗೆ ವಿಜ್ಞಾನ ಬಂತು ಎಂದು ಇದೇ ಅಂಕಣದಲ್ಲಿ ಅರ್ಧ ಪುಟ ಗೀಚಿದ ಮಹಾಬುದ್ಧಿವಂತ ನಾನೇ. ಆ ಪುಟ ನಿಮ್ಮ ಮನೆಯಲ್ಲಿ ಉಳಿದಿದ್ದರೆ ದಯವಿಟ್ಟು ಕಿಟಕಿ ಗಾಜು ಒರೆಸಲು ಬಳಸಿ. ಅಷ್ಟಾದರೂ ಉಪಯೋಗವಾಗಲಿ.

ಇವತ್ತು ಬರೆಯುತ್ತಿರುವುದು ಆ ತೂತನ್ನು ತೋರಿಸಿದ ಹೆಂಗಸಿನ ಬಗ್ಗೆ. ಆಕೆಯನ್ನು ದೇವತೆ ಮಾಡಿ ಗೋಡೆಗೆ ತೂಗುಹಾಕುವ ಆಸೆ ನನಗಿಲ್ಲ. ಆಕೆಯೂ ಒಂದು ಸುಳ್ಳಿಗೆ ಸಹಿ ಹಾಕಿದವಳೇ. ವ್ಯತ್ಯಾಸ ಇಷ್ಟೇ, ಹನ್ನೊಂದು ದಿನ ಕಳೆದ ಮೇಲೆ ಹೋಗಿ ಆ ಸಹಿ ವಾಪಸ್ ಕೊಡಿ ಎಂದು ಕೇಳಿದಳು.

ಇಲಾಖೆಯ ಕಾಗದದಲ್ಲಿ ಆಕೆಯ ಹುದ್ದೆ ಮಾಪನ ಸಹಾಯಕಿ. ಜನರ ಬಾಯಲ್ಲಿ ಗುಂಡಿಯಕ್ಕ. ವಯಸ್ಸು ಐವತ್ತನಾಲ್ಕು, ಸರ್ವಿಸು ಮೂವತ್ತು ವರ್ಷ. ಎಂಜಿನಿಯರು ಮೂರು ಕಾಲಿನ ಯಂತ್ರದ ಹಿಂದೆ ಒಂದು ಕಣ್ಣು ಮುಚ್ಚಿ ನಿಂತಾಗ, ದೂರದಲ್ಲಿ ಕೆಂಪು ಬಿಳಿ ಅಂಕಿಗಳ ಉದ್ದ ಕೋಲನ್ನು ನೆಟ್ಟಗೆ ಹಿಡಿದು ಬಿಸಿಲಲ್ಲಿ ನಿಲ್ಲುವುದು ಆಕೆಯ ಕೆಲಸ. ಕೋಲು ವಾಲಿದರೆ ಬೈಗುಳ ಆಕೆಗೆ. ಯಂತ್ರದ ಹಿಂದಿನವರು ಓದುವಾಗ ಆಕಳಿಸಿ ಅಂಕಿ ತಪ್ಪಿಸಿದರೂ ಬೈಗುಳ ಆಕೆಗೇ.

ಅಡ್ಡಹೆಸರು ಬಂದದ್ದು ಮತ್ತೊಂದು ಕೆಲಸದಿಂದ. ನೀರು ನಿಲ್ಲಿಸುವ ಜಾಗ ಆರಿಸುವ ಮೊದಲು ಆ ನೆಲ ಎಷ್ಟು ನೀರು ಕುಡಿಯುತ್ತದೆ ಎಂದು ನೋಡಬೇಕು. ಇದು ಅಜ್ಜಿಯ ಕಾಲದ ಗುಟ್ಟೇನಲ್ಲ, ಇಲಾಖೆಯ ಕೈಪಿಡಿಯಲ್ಲೇ ಅಚ್ಚಾಗಿದೆ. ಮೊಳದುದ್ದ, ಮೊಳದಗಲ, ಮೊಳದಾಳದ ಗುಂಡಿ ತೋಡಿ. ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಗೀಟು ಹಾಕಿದ ಕಡ್ಡಿ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಎಷ್ಟು ಇಳಿಯಿತು ಎಂದು ಬರೆಯಿರಿ. ಒಂದು ಗುಂಡಿಗೆ ಒಂದು ಹಗಲು ಹೋಗುತ್ತದೆ. ಮಿಕ್ಕವರೆಲ್ಲ ಮರದ ನೆರಳಲ್ಲಿ ಕೂತು ಹತ್ತು ನಿಮಿಷದಲ್ಲಿ ಹತ್ತು ಗುಂಡಿಯ ಅಂಕಿ ತುಂಬಿ ಮನೆಗೆ ಹೋಗುತ್ತಿದ್ದರು. ಈಕೆ ಮಾತ್ರ ನೀಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಕೊಡೆ ಬಿಚ್ಚಿ, ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಾ ಸಂಜೆಯವರೆಗೆ ಆ ನೀರನ್ನು ಕಾಯುತ್ತಿದ್ದಳು.

ಮಣ್ಣುಗಳಿಗೆ ಆಕೆ ಇಟ್ಟ ಹೆಸರುಗಳು ಮಾತ್ರ ಕೈಪಿಡಿಯಲ್ಲಿಲ್ಲ. ಗಂಟೆಯೊಳಗೆ ಗುಂಡಿ ಬರಿದು ಮಾಡುವ ನೆಲ ‘ಮನೆಹಾಳ’. ಯಾರೂ ನೋಡದಾಗ ಇಷ್ಟಿಷ್ಟೇ ಎಳೆದು ಸಂಜೆಗೆ ಮುಗಿಸುವುದು ‘ಮದುವೆಮನೆ ಕುಡುಕ’. ಹಾಕಿದ ನೀರನ್ನು ಹಾಕಿದ ಹಾಗೇ ಇಟ್ಟುಕೊಂಡು ಮುಖ ಗಂಟಿಕ್ಕಿ ಕೂರುವುದು ‘ಹೆಡ್‌ಮಾಸ್ಟರ್’. ಮೂವತ್ತು ವರ್ಷದಲ್ಲಿ ಆಕೆಗೆ ಸಿಕ್ಕ ಹೆಡ್‌ಮಾಸ್ಟರ್‌ಗಳು ನಾಲ್ಕೇ ನಾಲ್ಕು, ಅವೂ ಈ ಕಣಿವೆಯಾಚೆ.

ಈಗ ಊರಿನ ಕಥೆ. ಮೂರು ವರ್ಷದಿಂದ ಮಳೆ ಕೈಕೊಟ್ಟಿದೆ. ಮೇಲಿನ ಬೀದಿಗಳಿಗೆ ಒಂಬತ್ತು ದಿನಕ್ಕೊಮ್ಮೆ ನಲ್ಲಿ, ಕಣಿವೆಯ ಮೂರು ಹಳ್ಳಿಗಳಿಗೆ ಟ್ಯಾಂಕರ್. ಹಾಗಂತ ಮಳೆಯೇ ಇಲ್ಲವೆಂದಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಆಕಾಶ ಹರಿದುಹೋದ ಹಾಗೆ ಸುರಿದು, ಒಂದೇ ಮಧ್ಯಾಹ್ನದಲ್ಲಿ ಕೆಂಪಗೆ ಹರಿದು, ಎಲ್ಲಿಗೋ ಹೋಗಿಬಿಡುತ್ತದೆ. ಅದನ್ನು ಹಿಡಿದಿಡಲು ಒಂದು ಜಲಾಶಯ ಕಟ್ಟಬೇಕು, ಅದಕ್ಕೊಂದು ಜಾಗ ಹುಡುಕಬೇಕು. ಅದಕ್ಕೆಂದು ಬಂದವರು ಹೊಸ ಎಂಜಿನಿಯರು. ಆಫೀಸಿನಲ್ಲಿ ಅವರನ್ನು ನಕ್ಷೆ ಸಾಹೇಬರು ಎನ್ನುತ್ತಾರೆ. ಮೃದು ಮಾತಿನ, ಬೂಟಿಗೆ ಧೂಳು ತಾಗಿದರೆ ಮುಖ ಸಣ್ಣಗೆ ಮಾಡುವ ಯುವಕ. ಉಪಗ್ರಹದ ಚಿತ್ರಗಳನ್ನು ಕಂಪ್ಯೂಟರಿಗೆ ಉಣಿಸಿ ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಜಾಗಗಳ ಪಟ್ಟಿ ತೆಗೆದರು. ಪಟ್ಟಿಯ ನೆತ್ತಿಯಲ್ಲಿ ಇದ್ದುದು ಹಳೇ ಹೆದ್ದಾರಿಯ ಪಕ್ಕದ ಒಂದು ‘ಸಹಜ ಬಟ್ಟಲು’. ನಾನು ಹಾಡಿ ಹೊಗಳಿದ್ದು ಅದನ್ನೇ.

ಮಿಕ್ಕ ಎಂಟರಲ್ಲಿ ಗುಂಡಿಯಕ್ಕ ಆಗಲೇ ಗುಂಡಿ ತೋಡಿ ಮುಗಿಸಿದ್ದಳು. ಎಲ್ಲ ಮನೆಹಾಳರೇ. ಕೊನೆಗೆ ಒಂದನೇ ನಂಬರಿನ ಜಾಗಕ್ಕೆ ಇಬ್ಬರೂ ಜೀಪಿನಲ್ಲಿ ಹೋದರು. ನಕ್ಷೆ ಸಾಹೇಬರು ರಸ್ತೆಯ ಅಂಚಿನಲ್ಲಿ ನಿಂತು ಕೈ ಬೀಸಿದರು.

“ನೋಡಿ ಅಕ್ಕ, ಮೂರು ಕಡೆ ಗುಡ್ಡ. ನಾಲ್ಕನೇ ಕಡೆ ರಸ್ತೆಯ ಏರಿ. ಅರ್ಧ ಅಣೆಕಟ್ಟು ಆಗಲೇ ಕಟ್ಟಿಟ್ಟ ಹಾಗಿದೆ!”

“ನೀವು ನಿಂತಿದ್ದೀರಲ್ಲ ಸಾರ್, ಅದರ ಕೆಳಗೇನಿದೆ ಗೊತ್ತಾ?”

“ರಸ್ತೆ.”

“ರಸ್ತೆ ಕೆಳಗೆ?”

“ಮಣ್ಣು. ಇನ್ನೇನಿರತ್ತೆ?”

“ಡಬ್ಬಿ ತಗೊಂಡು ಇಳಿದು ಬನ್ನಿ. ಊಟಕ್ಕೆ ತಂಪು ಜಾಗ ತೋರಿಸ್ತೀನಿ.”

ರಸ್ತೆಯ ಅಡಿಯಲ್ಲಿ ಒಂದು ಮೋರಿ ಇತ್ತು. ಬೆನ್ನು ಬಗ್ಗಿಸಿದರೆ ಆಳು ನಡೆದುಹೋಗುವಷ್ಟು ದೊಡ್ಡದು. ಇಷ್ಟು ವರ್ಷ ಕಣಿವೆಯ ಮಳೆಯೆಲ್ಲ ಹೋಗುತ್ತಿದ್ದುದು ಅದರಲ್ಲೇ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಡಾಂಬರು ಕಂಡಿತ್ತು, ಏರಿ ಕಂಡಿತ್ತು, ಅಡಿಯ ಹೊಟ್ಟೆ ಕಂಡಿರಲಿಲ್ಲ. ಅದಕ್ಕೇ ಅದು ಬಟ್ಟಲು ಎಂದಿತ್ತು. ನಕ್ಷೆ ಸಾಹೇಬರು ಮೋರಿಯೊಳಗೆ ಕೂತು, ಡಬ್ಬಿಯ ಮುಚ್ಚಳ ತೆಗೆಯದೆ, ಎರಡು ಕಡೆಯ ಬೆಳಕನ್ನೂ ಒಂದೊಂದು ಸಲ ನೋಡಿದರು.

“ಇದು ಚಿತ್ರದಲ್ಲಿ ಇರಲಿಲ್ಲ.”

“ಮೇಲಿಂದ ನೋಡಿದ್ರೆ ಟೋಪಿ ಕಾಣಿಸತ್ತೆ ಸಾರ್. ಬೋಳುತಲೆ ಎಲ್ಲಿ ಕಾಣಿಸತ್ತೆ?”

“ಇದನ್ನ ಮುಚ್ಚಿಬಿಟ್ಟರಾಯ್ತು. ಒಂದು ದಿನದ ಕೆಲಸ.”

“ಮೋರಿ ಮುಚ್ಚಬಹುದು. ನೆಲ ಮುಚ್ತೀರಾ?”

ಬೆಳಿಗ್ಗೆ ಬಂದ ಕೂಡಲೇ ಆಕೆ ತೋಡಿಟ್ಟಿದ್ದ ಗುಂಡಿಗೆ ಇಬ್ಬರೂ ಹೋಗಿ ನೀರು ಹಾಕಿ ನೋಡಿದರು. ಅಡಿಯೆಲ್ಲ ಗರಸು, ಸಣ್ಣ ಕಲ್ಲು. ನಲವತ್ತು ನಿಮಿಷಕ್ಕೆ ತಳ ಒಣಗಿ ಬೆರಳಿಗೆ ಪುಡಿ ಮಣ್ಣು ಸಿಕ್ಕಿತು. ನಕ್ಷೆ ಸಾಹೇಬರು ಬೂಟಿನ ಧೂಳನ್ನೂ ಮರೆತು ನೆಲಕ್ಕೆ ಕುಸಿದು ಕೂತರು.

“ಶಂಕುಸ್ಥಾಪನೆಗೆ ದಿನ ಗೊತ್ತು ಮಾಡ್ತಿದ್ದಾರೆ ಅಕ್ಕ. ಹಾಗಾದ್ರೆ ಎಲ್ಲಿ? ನೀವೇ ಹೇಳಿ.”

ಮೂವತ್ತು ವರ್ಷದಲ್ಲಿ ಒಬ್ಬ ಎಂಜಿನಿಯರು ಆಕೆಯನ್ನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಆಕೆ ಸ್ಟೂಲು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ನನಗೇನು ಗೊತ್ತು ಸಾರ್. ನಾನು ಕೋಲು ಹಿಡಿಯೋಳು.”

ಹಸಿ ಸುಳ್ಳು. ಆಕೆಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಅರ್ಧ ಗಂಟೆ ನಡೆದರೆ ಎರಡು ಗುಡ್ಡಗಳು ಹೆಗಲಿಗೆ ಹೆಗಲು ತಾಗಿಸುವ ಕಡೆ, ಅಂಟು ಜೇಡಿಯ ತಗ್ಗು ಒಂದಿದೆ. ಅದು ಆಕೆಯ ತಮ್ಮನ ಇಟ್ಟಿಗೆ ಮಾಡುವ ಜಾಗ. ಅಲ್ಲಿ ನೀರು ನಿಲ್ಲಿಸಿದರೆ ತಮ್ಮನ ಇಟ್ಟಿಗೆಗೂಡು, ಮಣ್ಣು, ಅನ್ನ ಎಲ್ಲ ನೀರಿನಡಿ.

ಅಂಥ ಜಾಗ ಕಂಪ್ಯೂಟರಿನ ಪಟ್ಟಿಯಲ್ಲಿ ಯಾಕಿರಲಿಲ್ಲ ಎಂದು ಕೇಳುತ್ತೀರಾ? ಕೇಳಿ, ನಗಲು ತಯಾರಾಗಿ. ಸಾಲಾಗಿ ಪೇರಿಸಿಟ್ಟ ಇಟ್ಟಿಗೆ ರಾಶಿಗಳನ್ನು ಅದು ಮೇಲಿನಿಂದ ನೋಡಿ ಮನೆಗಳೆಂದು ಎಣಿಸಿತ್ತು. ನಲವತ್ತು ಮನೆಗಳ ಬಡಾವಣೆ, ಮುಳುಗಿಸುವಂತಿಲ್ಲ ಎಂದು ಪಕ್ಕಕ್ಕಿಟ್ಟಿತ್ತು. ಮುಂದೆಂದೋ ಮನೆಯಾಗಬೇಕಾದ ಇಟ್ಟಿಗೆಯನ್ನು ಈಗಲೇ ಮನೆಯೆಂದು ಒಪ್ಪಿಕೊಂಡ ಅದರ ದೊಡ್ಡ ಮನಸ್ಸಿಗೆ ಏನು ಹೇಳೋಣ!

ಮಾರನೇ ದಿನ ಆಫೀಸಿನಲ್ಲಿ ಒಂದನೇ ನಂಬರಿನ ಹಾಳೆ ಮೇಜಿಗೆ ಬಂತು. ನೀರು ಇಂಗುವ ವೇಗ ಎಂಬ ಖಾನೆಯಲ್ಲಿ ನಕ್ಷೆ ಸಾಹೇಬರು ತಲೆ ತಗ್ಗಿಸಿ ‘ಬಹಳ ನಿಧಾನ’ ಎಂದು ಬರೆದರು. ಮೇಲಿನವರಿಗೆ ದಿನ ಬೇಕಿತ್ತು, ಇವರಿಗೆ ಕೆಲಸ ಉಳಿಯಬೇಕಿತ್ತು. ಕೆಳಗೆ ‘ಗುಂಡಿಯನ್ನು ಕಣ್ಣಾರೆ ಕಂಡವರು’ ಎಂಬ ಕಡೆ ಗುಂಡಿಯಕ್ಕ ಸಹಿ ಹಾಕಿದಳು. ಅವರಿಗೆ ಮೇಲಿನವರ ಭಯ, ಈಕೆಗೆ ತಮ್ಮನ ಮೋಹ. ಸುಳ್ಳು ಮಾತ್ರ ಒಂದೇ. ನಾನು ಆ ಹಾಳೆಯ ಪ್ರತಿ ಇಟ್ಟುಕೊಂಡು ಪಟ್ಟಾಗಿ ಅಂಕಣ ಬರೆದೆ. ಮೋರಿ ಇದ್ದ ಕಡೆಗೆ ಬಸ್ ಚಾರ್ಜು ಹಾಕಿಕೊಂಡು ಹೋಗಿ ನೋಡಬೇಕು ಅಂತ ನನಗೂ ಹೊಳೆಯಲಿಲ್ಲ.

ನಲ್ಲಿ ಬಿಡುವ ದಿನ ಬಂತು. ಮೇಲಿನ ಬೀದಿಯಲ್ಲಿ ಸಾಲು, ಕೊಡಗಳ ಜಗಳ. ಗುಂಡಿಯಕ್ಕ ಸಾಲಿನ ಬಾಲದಲ್ಲಿದ್ದಳು. ಯಾವಾಗಲೂ ಒಂದಿಷ್ಟೂ ಜಾಗ ಬಿಡದ ಟೈಲರ್ ಹೆಂಡತಿ ಅಂದು ಬಾಯಿ ತುಂಬ ಕರೆದಳು.

“ಬನ್ನಿ ಅಕ್ಕ, ಮುಂದೆ ಬನ್ನಿ! ನೀವೇ ಅಂತಲ್ಲ ನಮ್ಮ ಕೆರೆಗೆ ಜಾಗ ಗಟ್ಟಿ ಮಾಡಿದ್ದು? ಪೇಪರಲ್ಲಿ ಬಂದಿದೆ. ಏ, ಸರೀರಿ ಎಲ್ಲ, ಅಕ್ಕಂಗೆ ದಾರಿ ಬಿಡಿ.”

ಸಾಲು ಸರಿಯಿತು. ಮೂವತ್ತು ಜನರ ಮುಂದೆ ಆಕೆ ಮೊದಲ ಕೊಡ ಹಿಡಿದಳು. ಎರಡನೆಯದನ್ನು ಹಿಡಿಯುವಾಗ ಕೈ ನಿಂತಿತು. “ಸಾಕು ಕಣಮ್ಮ” ಎಂದು ಅರ್ಧ ತುಂಬಿದ ಕೊಡವನ್ನೂ ಎತ್ತಿಕೊಂಡು ಹೊರಟಳು. ಮನೆ ತಲುಪುವವರೆಗೆ ಯಾರ ಮುಖವನ್ನೂ ನೋಡಲಿಲ್ಲವಂತೆ. ನನ್ನ ಬರಹದಿಂದ ಆದ ಒಂದೇ ಒಳ್ಳೆ ಕೆಲಸ ಇದು.

ಭಾನುವಾರ ಬೆಳಿಗ್ಗೆ ಆಕೆ ಸ್ಟೂಲು, ಗುದ್ದಲಿ, ಕಡ್ಡಿ ಹಿಡಿದು ತಮ್ಮನ ಜಾಗಕ್ಕೆ ಹೋದಳು. ಅಚ್ಚಿನಿಂದ ಬಿಡಿಸಿದ ಹಸಿ ಇಟ್ಟಿಗೆಗಳು ಅಂಗಳದ ತುಂಬ ಮಲಗಿದ್ದವು. ಕೆಲಸದವರಿಗೆ ರಜೆ. ತಮ್ಮನೊಬ್ಬನೇ ಗೂಡಿನ ಬಾಯಿಗೆ ಮಣ್ಣು ಮೆತ್ತುತ್ತಿದ್ದ.

“ಏನಕ್ಕ, ರಜೆ ದಿನಾನೂ ಗುಂಡೀನಾ? ಇಲ್ಲೇನು ಚಿನ್ನ ಹುಗಿದಿಟ್ಟಿದ್ದೀಯಾ?”

“ಸುಮ್ನೆ ಕಣೋ. ಕೈ ಕಡೀತಿತ್ತು.”

“ನನ್ನ ಮಣ್ಣನ್ನ ಅಳೆದು ಏನು ನೋಡ್ತೀಯಾ? ಒಂದು ತೊಟ್ಟು ಕೆಳಗಿಳಿಯಲ್ಲ. ಒಂದು ಮಳೆ ಬಿದ್ರೆ ತಿಂಗಳುಗಟ್ಟಲೆ ಪಂಪ್ ಹಾಕಿ ಸಾಯ್ತೀನಿ. ಇಂಥ ಜೇಡಿ ಈ ಕಣಿವೇಲಿ ಬೇರೆ ಎಲ್ಲೂ...”

ಅವನು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

“ಅಕ್ಕ.”

“ಹೂಂ.”

“ಇದನ್ನ ಯಾಕೆ ಅಳೀತಿದ್ದೀಯಾ?”

ಆಕೆ ಎಲ್ಲ ಹೇಳಿದಳು. ಮೋರಿ, ಗರಸು, ಸಹಿ, ಏನನ್ನೂ ಬಿಡಲಿಲ್ಲ.

“ಬೇರೆ ಎಲ್ಲೂ ಇಲ್ವಾ?”

“ಪಟ್ಟೀಲಿರೋ ಒಂಬತ್ತೂ ಸೇರಿ ಈ ಕಣಿವೇಲಿ ಹದಿನೇಳು ಕಡೆ ತೋಡಿದ್ದೀನಿ.”

“ನಿನ್ನ ಮನೆ ಗೋಡೆ ಯಾವ ಮಣ್ಣಿಂದು?”

“ಇದೇ ಮಣ್ಣಿಂದು.”

“ಭಾವ ಬಿಟ್ಟು ಹೋದಾಗ ಲಾರಿ ತುಂಬ ಇಟ್ಟಿಗೆ ತಂದು ಇಳಿಸಿದ್ದು ನಿನ್ನ ಇಲಾಖೆಯವರಾ?”

“ನೀನೇ ಕಣೋ.”

“ಈಗ ನನ್ನನ್ನೇ ಮುಳುಗಿಸ್ತೀಯಾ?”

“ನಾನು ಅಳೆಯೋದಷ್ಟೇ.”

“ಅಳೆಯೋರೆಲ್ಲ ಹೀಗೇ ಹೇಳೋದು” ಎಂದ ತಮ್ಮ. ಸ್ಟೂಲಿಗೆ ಒಂದು ಒದೆ ಕೊಟ್ಟ. ಅದು ಹೋಗಿ ಹಸಿ ಇಟ್ಟಿಗೆಗಳ ಮೇಲೆ ಬಿದ್ದು ಎರಡನ್ನು ಚಪ್ಪಟೆ ಮಾಡಿತು. ಗುಂಡಿಯನ್ನು ಮಾತ್ರ ಅವನು ಮುಟ್ಟಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಕೆ ನೆಲದಲ್ಲೇ ಕೂತು ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಬರೆದಳು. ಕೊನೆಯ ಗೀಟಿಗೆ ನೀರು ಇಳಿದಿದ್ದುದು ಉಗುರಿನ ದಪ್ಪ. ಐದನೇ ಹೆಡ್‌ಮಾಸ್ಟರ್.

ಸೋಮವಾರ ಆಕೆ ಗುಮಾಸ್ತರ ಮುಂದೆ ನಿಂತಳು.

“ಸಹಿ ವಾಪಸ್ ಬೇಕಿತ್ತು.”

“ಏನು ವಾಪಸ್?”

“ಒಂದನೇ ನಂಬರ್ ಹಾಳೇಲಿ ಹಾಕಿದ್ದೀನಲ್ಲ, ಆ ಸಹಿ.”

“ಸಹಿ ಏನಮ್ಮ, ಲೈಬ್ರರಿ ಪುಸ್ತಕಾನಾ ವಾಪಸ್ ತಗೊಂಡು ಹೋಗೋಕೆ? ಅದಕ್ಕೆ ಫಾರಂ ಇಲ್ಲ.”

“ಹಾಗಾದ್ರೆ ಅದರ ಕೆಳಗೆ ಇನ್ನೊಂದು ಹಾಕ್ತೀನಿ, ಮೇಲಿಂದು ಸುಳ್ಳು ಅಂತ.”

ಗುಮಾಸ್ತರಿಗೆ ಬೆವರು ಬಂದು, ಆಕೆಯನ್ನು ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ಅಟ್ಟಿದರು. ಅಲ್ಲಿ ಗಾಜಿನ ಮೇಜು, ಅದರ ಮೇಲೆ ಕುಸುರಿ ಬಟ್ಟೆ ಹೊದ್ದ ನೀರಿನ ಜಗ್ಗು. ಒಂಬತ್ತು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಆ ಜಗ್ಗು ಯಾವತ್ತೂ ತುಂಬಿಯೇ ಇರುತ್ತದೆ, ನಾನು ನೋಡಿದ್ದೇನೆ. ದೊಡ್ಡ ಸಾಹೇಬರು ಮೊದಲು ಗದರಿಸಿದರು. ಆಮೇಲೆ ನಕ್ಷೆ ಸಾಹೇಬರನ್ನು ಕರೆಸಿದರು. ಆ ಯುವಕ ಹೆದರಿ ಬಿಳುಚಿಕೊಂಡರೂ, “ಅಕ್ಕ ಹೇಳ್ತಿರೋದು ನಿಜ ಸಾರ್, ಆ ಅಂಕಿ ನಾನೇ ಬರೆದದ್ದು” ಎಂದುಬಿಟ್ಟರು. ಅವರ ಬೂಟಿನ ಬಗ್ಗೆ ಮೇಲೆ ಆಡಿದ ಮಾತನ್ನು ನಾನು ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

“ಹಾಗಾದ್ರೆ ಒಂದು ಟ್ಯಾಂಕರ್ ತಂದು ಸುರಿದೇ ನೋಡೋಣ” ಎಂದರು ದೊಡ್ಡ ಸಾಹೇಬರು.

“ಜನ ಅಟ್ಟಾಡಿಸ್ಕೊಂಡು ಹೊಡೀತಾರೆ ಸಾರ್. ನನ್ನ ಪಾಲಿನ ಕೊಡ ಇದೆ, ಅದೇ ಸಾಕು.”

ಮಾರನೇ ದಿನ ಆಕೆ ತನ್ನ ಮನೆಯ ಕೊಡ ಹೊತ್ತು ಮೋರಿಯ ಪಕ್ಕದ ಗುಂಡಿಗೆ ಸುರಿದಳು. ದೊಡ್ಡ ಸಾಹೇಬರನ್ನು ನೀಲಿ ಸ್ಟೂಲಿನ ಮೇಲೆ ಕೂರಿಸಿ ಕೈಗೆ ಕೊಡೆ ಕೊಟ್ಟಳು. ಮೂವತ್ತೆಂಟು ನಿಮಿಷ ಅವರು ಕಣ್ಣು ಕೀಲಿಸಿ ಕೂತರು. ಅವರ ನೌಕರಿಯಲ್ಲಿ ನೆಲವನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ ಇರಬೇಕು. ಗುಂಡಿ ಒಣಗಿತು. ಅಲ್ಲಿಂದ ಆಕೆಯೇ ಅವರನ್ನು ಇಟ್ಟಿಗೆ ಜಾಗಕ್ಕೆ ಕರೆದೊಯ್ದಳು. ಆಕೆಯ ತಮ್ಮ ಬೇಲಿಯ ಹತ್ತಿರ ಕೈ ಕಟ್ಟಿ ನಿಂತಿದ್ದ. ಅಕ್ಕನ ಕಡೆ ನೋಡದೆ, “ಹೋಗಿ, ನೋಡ್ಕೊಳ್ಳಿ” ಎಂದ. ಭಾನುವಾರ ತುಂಬಿದ್ದ ನೀರು ಮಂಗಳವಾರವೂ ಗುಂಡಿಯಲ್ಲಿತ್ತು. ಒಂದು ಕಪ್ಪೆ ಆಗಲೇ ಬಂದು, ತನ್ನ ಹೆಸರಿಗೆ ಖಾತೆ ಆದ ಗತ್ತಿನಲ್ಲಿ ಕೂತಿತ್ತು.

ದೊಡ್ಡ ಸಾಹೇಬರು ಜೀಪು ಹತ್ತುವ ಹೊತ್ತಿಗೆ, ಈ ಜಾಗವನ್ನು ತಾವು ಮೊದಲಿನಿಂದಲೂ ಹೇಳುತ್ತಿದ್ದುದಾಗಿ ಹೇಳತೊಡಗಿದ್ದರು.

ಇಲ್ಲಿಗೆ ಕಥೆ ಮುಗಿದು ನಾವೆಲ್ಲ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ವಾರದೊಳಗೆ ಹೊಸ ಹಾಳೆ ತಯಾರಾಯಿತು. ಅದರಲ್ಲಿ ಇಟ್ಟಿಗೆ ಜಾಗದ ವಿವರಣೆ ಹೀಗಿತ್ತು: ‘ಬೀಳು ಭೂಮಿ. ಜನವಸತಿ ಇಲ್ಲ. ಯಾವುದೇ ಉದ್ಯೋಗ ನಡೆಯುತ್ತಿಲ್ಲ.’ ಗಮನಿಸಿ. ಆರಿಸಬಾರದು ಎನ್ನುವಾಗ ಅಲ್ಲಿ ನಲವತ್ತು ಮನೆಗಳಿದ್ದವು. ಕಿತ್ತುಕೊಳ್ಳಬೇಕು ಎನ್ನುವಾಗ ಒಂದು ಗುಡಿಸಲೂ ಇಲ್ಲ! ಬೀಳು ಭೂಮಿ ಎಂದು ಬರೆದರೆ ಬದಲಿ ಜಾಗ ಕೊಡುವ ಗೋಜಿಲ್ಲ. ಅಲ್ಲಿ ಮಣ್ಣು ಕಲಸಿ, ಅಚ್ಚು ಹಾಕಿ ಬದುಕುವ ಹದಿನಾಲ್ಕು ಜನರನ್ನು ಒಂದು ಗೆರೆಯಲ್ಲಿ ಅಳಿಸಿದ್ದರು. ಇದು ಕಂಪ್ಯೂಟರಿನ ತಪ್ಪಲ್ಲ ಸ್ವಾಮಿ. ಇದನ್ನು ಕೈಯಿಂದಲೇ, ಪೆನ್ನಿನಿಂದಲೇ, ಹೊಟ್ಟೆ ತುಂಬಿದವರೇ ಬರೆದದ್ದು.

ಕೆಳಗೆ ಮತ್ತೆ ಗುಂಡಿಯಕ್ಕನ ಸಹಿ ಬೇಕಿತ್ತು. ಆಕೆ ಓದಿದಳು, ಹಾಳೆಯನ್ನು ದೊಡ್ಡ ಸಾಹೇಬರ ಕಡೆಗೆ ತಳ್ಳಿದಳು.

“ನೀರು ನಿಲ್ಲತ್ತೆ ಅನ್ನೋದು ನಿಜ. ಬೀಳು ಅನ್ನೋದು ಸುಳ್ಳು. ಮೊದಲು ನನ್ನ ತಮ್ಮನಿಗೆ ಕಣಿವೆಯಾಚೆ ಜೇಡಿ ಇರೋ ಜಾಗ ಕೊಡಿ, ಲಾರಿ ಹೋಗೋ ದಾರಿ ಇರ್ಲಿ. ಆಮೇಲೆ ನನ್ನ ಸಹಿ.”

“ತಮ್ಮ ಅಂತ ಪಕ್ಷಪಾತ ಮಾಡ್ತಿದ್ದೀಯಲ್ಲಮ್ಮ?”

“ಹೌದು ಸಾರ್, ತಮ್ಮ ನನ್ನವನೇ. ಅವನಿಗೋಸ್ಕರ ಒಂದು ಸುಳ್ಳಿಗೆ ಸಹಿ ಹಾಕಿದ್ದೂ ನಾನೇ, ಅದಕ್ಕೇನು ಶಿಕ್ಷೆ ಕೊಡ್ತೀರೋ ಕೊಡಿ. ಆದ್ರೆ ಅಲ್ಲಿ ದುಡಿಯೋ ಹದಿನಾಲ್ಕು ಜನ ನನಗೆ ನೆಂಟರಲ್ಲ. ಅವರನ್ನೂ ಸೇರಿಸೇ ಕೇಳ್ತಿದ್ದೀನಿ.”

ಶಿಕ್ಷೆ ಸಿಕ್ಕಿತು. ಈಗ ಆಕೆ ಉಗ್ರಾಣದಲ್ಲಿ ತುಕ್ಕು ಹಿಡಿದ ಯಂತ್ರಗಳ ಧೂಳು ಒರೆಸುತ್ತಾಳೆ. ಕಿಟಕಿಯಿಲ್ಲದ ಕೋಣೆ, ಹೊತ್ತು ಗೊತ್ತಾಗುವುದು ಊಟದ ಗಂಟೆ ಬಾರಿಸಿದಾಗ. ತಮ್ಮ ಆಕೆಯೊಡನೆ ಮಾತು ಬಿಟ್ಟಿದ್ದಾನೆ. ಅಕ್ಕ ತನ್ನನ್ನು ಇಲಾಖೆಗೆ ಒಪ್ಪಿಸಿ ಕೈ ತೊಳೆದುಕೊಂಡಳು ಎಂದೇ ಅವನ ನಂಬಿಕೆ. ನೀನು ಸಹಿ ತಡೆಹಿಡಿದಿರುವುದನ್ನು ಅವನಿಗೆ ಹೇಳಬಾರದೇ ಎಂದು ನಾನು ಕೇಳಿದೆ. “ಹೇಳಿದ್ರೆ ಉಪಕಾರ ಮಾಡಿದ ಹಾಗೆ ಆಗತ್ತೆ. ಜಾಗ ಸಿಗಲಿ, ತಾನಾಗೇ ಗೊತ್ತಾಗತ್ತೆ” ಎಂದಳು.

ಮೇಲಿನ ಬೀದಿಯವರೂ ತಿರುಗಿಬಿದ್ದಿದ್ದಾರೆ. ಕಳೆದ ಸಲ ನಲ್ಲಿ ಬಿಟ್ಟಾಗ ಅದೇ ಟೈಲರ್ ಹೆಂಡತಿ, “ಒಂದು ಸಹಿ ಹಾಕೋಕೆ ಈ ಹೆಂಗಸಿಗೆ ಏನು ರೋಗ? ನಮ್ಮ ಮಕ್ಕಳ ಬಾಯಾರಿಕೆಗಿಂತ ಇವಳ ತಮ್ಮನ ಇಟ್ಟಿಗೆ ಹೆಚ್ಚಾ?” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಗುಂಡಿಯಕ್ಕ ಸಾಲಿನ ಬಾಲಕ್ಕೆ ಹೋಗಿ ನಿಂತಳು. ಆಕೆಯ ಸರದಿ ಬರುವಷ್ಟರಲ್ಲಿ ನಲ್ಲಿ ನಿಂತಿತ್ತು.

ಆ ಸಾಲಿನಲ್ಲಿ ನಿಂತಿದ್ದವರಿಗೆ, ಎಂದರೆ ನಿಮಗೆ, ಈಗ ನೇರವಾಗಿ ಹೇಳುತ್ತಿದ್ದೇನೆ. ಆ ಜಲಾಶಯದ ನೀರು ಕುಡಿಯುವವರು ನೀವು, ಇಲಾಖೆಯವರಲ್ಲ. ನಿಮ್ಮ ಹೆಸರು ಹೇಳಿಕೊಂಡೇ ಅವರು ಆಕೆಯ ತಮ್ಮನೂ ಸೇರಿ ಹದಿನೈದು ಜನರ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆ, ನಿಮ್ಮ ಬಾಯಾರಿಕೆಯನ್ನೇ ಮುಂದೆ ಹಿಡಿದು ಒಬ್ಬ ಹೆಂಗಸನ್ನು ಉಗ್ರಾಣಕ್ಕೆ ತಳ್ಳಿದ್ದಾರೆ. ಜಾಗ ಕಿತ್ತುಕೊಳ್ಳುವ ಮೊದಲು ಒಂದು ಸಾರ್ವಜನಿಕ ಸಭೆ ಕರೆಯಲೇಬೇಕೆಂಬ ನಿಯಮವಿದೆ. ಕರೆದಿದ್ದಾರೆ. ನೋಟಿಸನ್ನು ಆಫೀಸಿನ ಹಿಂಗೋಡೆಗೆ, ಸೈಕಲ್ ನಿಲ್ಲಿಸುವ ಕಡೆ ಅಂಟಿಸಿದ್ದಾರೆ. ನಿಮಗೆ ಕಾಣಬಾರದು ಎಂದೇ ಅಂಟಿಸಿದ್ದು.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ, ಹೆಣ್ಣುಮಕ್ಕಳ ಶಾಲೆಯ ದೊಡ್ಡ ಕೋಣೆ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಮುಂದಿನ ಬೆಂಚಿನಲ್ಲಿ ಕೂರಿ. ‘ಆಕ್ಷೇಪಣೆ ಇದೆಯೇ’ ಎಂದು ಅವರು ಕಾಗದದಿಂದ ತಲೆ ಎತ್ತದೆ ಕೇಳುತ್ತಾರೆ. ಆಗ ಎದ್ದು ನಿಂತು, ಮೊದಲು ಇಟ್ಟಿಗೆಯವರಿಗೆ ಜಾಗ ಕೊಡಿ, ಆಮೇಲೆ ನಮಗೆ ನೀರು ಕೊಡಿ ಎಂದು ಜೋರಾಗಿ ಹೇಳಿ. ಅವರು ಬರೆದುಕೊಳ್ಳುವವರೆಗೆ ಕೂರಬೇಡಿ.